ಪಾಯದ ಗುಂಡಿಗೆ ಇಳಿಯುವ ಮುನ್ನ

ಕಟ್ಟಡದ ಕೆಲಸದಲ್ಲಿ ಜನ ಜೀವ ಕಳೆದುಕೊಳ್ಳುವ ಬಗೆಗಳು ಬಹಳ ಇಲ್ಲ. ಎತ್ತರದಿಂದ ಬೀಳುವುದು, ಮಣ್ಣು ಕುಸಿದು ಹೂತುಹೋಗುವುದು, ಕರೆಂಟ್ ಹೊಡೆಯುವುದು, ಮೇಲಿನಿಂದ ಏನಾದರೂ ತಲೆಯ ಮೇಲೆ ಬೀಳುವುದು, ಹಾಕುತ್ತಿರುವ ಸ್ಲ್ಯಾಬೇ ಕುಸಿಯುವುದು, ಸಂಪಿನೊಳಗೆ ಉಸಿರುಗಟ್ಟುವುದು, ಹಿಂದಕ್ಕೆ ಬರುವ ಲಾರಿಗೋ ಜೆಸಿಬಿಗೋ ಸಿಕ್ಕಿಕೊಳ್ಳುವುದು. ಪಟ್ಟಿ ಹೆಚ್ಚುಕಡಿಮೆ ಇಲ್ಲಿಗೇ ಮುಗಿಯುತ್ತದೆ. ವರ್ಷ ವರ್ಷವೂ ಊರು ಬದಲಾಗುತ್ತದೆ, ಹೆಸರು ಬದಲಾಗುತ್ತದೆ, ಸಾವಿನ ಬಗೆ ಮಾತ್ರ ಅದೇ. ಪಟ್ಟಿ ಇಷ್ಟು ಚಿಕ್ಕದಾಗಿರುವುದರಿಂದಲೇ, ಇಂಥ ಸಾವನ್ನು ಗ್ರಹಚಾರ ಎಂದು ಕೈತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಮೊದಲೇ ಗೊತ್ತಿರುವುದನ್ನು ಮೊದಲೇ ತಡೆಯಬಹುದು.

ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಮಂದಿ ಸತ್ತರು. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಪಿಲ್ಲರ್‌ಗೆಂದು ನಿಲ್ಲಿಸಿದ್ದ ಕಂಬಿಯ ಪಂಜರ ರಸ್ತೆಗೆ ಉರುಳಿತು. ಬೈಕಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗ ಸತ್ತರು. 2024ರ ಅಕ್ಟೋಬರ್ 22ರಂದು ಬೆಂಗಳೂರಿನದೇ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಬಿದ್ದು ಒಂಬತ್ತು ಮಂದಿ ಹೋದರು. ಇವು ಊರಿಗೆಲ್ಲ ಗೊತ್ತಾದವು. ಒಂದು ಸೈಟಿನಲ್ಲಿ ಒಬ್ಬ ಗಾರೆ ಕೆಲಸದವನು ಸತ್ತರೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂದರೆ ಹೆಚ್ಚು.

ಈ ಲೇಖನ ಆ ನಾಲ್ಕು ಸಾಲಿನ ಸೈಟುಗಳ ಬಗ್ಗೆ. ದೊಡ್ಡ ಕಂಪನಿಗಳ ಕಾಮಗಾರಿಯಲ್ಲಿ ಸೇಫ್ಟಿ ಆಫೀಸರ್ ಇರುತ್ತಾರೆ, ಅಪಾಯಗಳನ್ನು ಗುರುತಿಸಿ ಅಳೆಯುವ ‘ಹೈರಾ’ ಎಂಬ ಫಾರಂ ಇರುತ್ತದೆ, ಅಪಾಯದ ಕೆಲಸಕ್ಕೆ ಪರ್ಮಿಟ್ ಬರೆಯುತ್ತಾರೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ವ್ಯವಸ್ಥೆಯಲ್ಲಿ ಸುರಕ್ಷತಾ ಅಧಿಕಾರಿ ಕಡ್ಡಾಯವಾಗಿದ್ದುದು 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ. ಆ ಕಾಯ್ದೆಯೂ ಸೇರಿ 13 ಕಾಯ್ದೆಗಳನ್ನು ಒಗ್ಗೂಡಿಸಿ ಸಂಸತ್ತು 2020ರಲ್ಲಿ ಅಂಗೀಕರಿಸಿದ ಸಂಹಿತೆ ಆ ಸಂಖ್ಯೆಯನ್ನು 250ಕ್ಕೆ ಇಳಿಸಿತು. ಮೂವತ್ತು–ನಲವತ್ತರ ಸೈಟಿನಲ್ಲಿ ಮೂರು ಮಹಡಿ ಎಬ್ಬಿಸುವಾಗ ಹತ್ತೋ ಹದಿನೈದೋ ಜನ ಇರುತ್ತಾರೆ. ಅಲ್ಲಿ ಸೇಫ್ಟಿ ಆಫೀಸರ್ ಎಂದರೆ ಮೇಸ್ತ್ರಿಯೇ, ಇಲ್ಲವೇ ಮನೆ ಕಟ್ಟಿಸುವ ನೀವೇ. ಹಾಗಾಗಿ ಆ ಕೆಲಸ ಹೇಗೆ ಮಾಡುವುದೆಂದು ನಿಮಗೆ ಗೊತ್ತಿರಬೇಕು.

ಮೊದಲ ಹೆಜ್ಜೆ ಕಾಗದದ ಮೇಲೆ ಅಲ್ಲ, ಸೈಟಿನಲ್ಲಿ. ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ಮೇಸ್ತ್ರಿಯ ಜೊತೆ ಒಂದು ಸುತ್ತು ಬನ್ನಿ. ಪ್ರತಿ ಜಾಗದಲ್ಲೂ ನಿಂತು ಕೇಳಬೇಕಾದ್ದು ಇಷ್ಟೇ: ಇವತ್ತು ಇಲ್ಲಿ ಏನು ಕೆಲಸ? ಇಲ್ಲಿ ಕೊಲ್ಲಬಲ್ಲದ್ದು ಏನಿದೆ, ಎತ್ತರವೇ, ಮಣ್ಣಿನ ಭಾರವೇ, ಕರೆಂಟೇ, ಓಡಾಡುವ ಯಂತ್ರವೇ, ಕೆಟ್ಟ ಗಾಳಿಯೇ? ಅದರ ದಾರಿಯಲ್ಲಿ ಯಾರು ನಿಂತಿರುತ್ತಾರೆ? ಅವರಿಗೂ ಅದಕ್ಕೂ ನಡುವೆ ಅಡ್ಡ ಏನಿದೆ? ಕೊನೆಯ ಪ್ರಶ್ನೆಗೆ ‘ಅವನು ಹುಷಾರಾಗಿರ್ತಾನೆ ಸಾರ್’ ಎಂಬ ಉತ್ತರ ಬಂದರೆ, ಅಡ್ಡ ಏನೂ ಇಲ್ಲ ಎಂದೇ ತಿಳಿಯಿರಿ. ದಿನಕ್ಕೆ ಎಂಟು ಗಂಟೆ ಬಿಸಿಲಲ್ಲಿ ಇಟ್ಟಿಗೆ ಹೊರುವ ಮನುಷ್ಯನ ಎಚ್ಚರ ಪ್ರತಿ ನಿಮಿಷವೂ ಒಂದೇ ಸಮ ಇರಲಾರದು. ಅವನು ಮೈಮರೆತ ಗಳಿಗೆಯಲ್ಲೂ ಬದುಕುಳಿಯುವಂತೆ ಜಾಗವನ್ನು ಸಜ್ಜುಮಾಡುವುದು ನಮ್ಮ ಕೆಲಸ.

ನಂತರ ಅಳತೆ. ಪದ್ಧತಿ ಸರಳವಾಗಿದೆ: ಅನಾಹುತ ಆಗುವ ಸಾಧ್ಯತೆಗೆ 1ರಿಂದ 5ರವರೆಗೆ ಒಂದು ಅಂಕ, ಆದರೆ ಎಷ್ಟು ಕೆಡುಕು ಎಂಬುದಕ್ಕೆ 1ರಿಂದ 5ರವರೆಗೆ ಇನ್ನೊಂದು ಅಂಕ. ಎರಡನ್ನೂ ಗುಣಿಸಬೇಕು. ಹೆಚ್ಚು ಬಂದದ್ದಕ್ಕೆ ಕೆಂಪು ಬಣ್ಣ, ನಡುವಿನದಕ್ಕೆ ಹಳದಿ, ಕಡಿಮೆಗೆ ಹಸಿರು. ಯಾವುದನ್ನು ಮೊದಲು ಸರಿಮಾಡಬೇಕೆಂದು ತಿಳಿಯಲು ಇದು ನೆರವಾಗುತ್ತದೆ. ಆದರೆ ಇದರಲ್ಲೊಂದು ಮೋಸವಿದೆ. ಸುತ್ತಿಗೆ ಬೆರಳಿಗೆ ತಗಲುವುದು ದಿನಾ ಆಗುವಂಥದ್ದು. ಸಾಧ್ಯತೆ 5, ಕೆಡುಕು 1, ಒಟ್ಟು 5. ಕಂಬಿ ಎತ್ತುವಾಗ ಅದು 11 ಕೆವಿ ಲೈನಿಗೆ ತಗಲುವುದು ಅಪರೂಪ; ಸಾಧ್ಯತೆ 1, ಕೆಡುಕು 5, ಅದೂ 5. ಲೆಕ್ಕದಲ್ಲಿ ಎರಡೂ ಒಂದೇ, ಮನೆಯವರ ಪಾಲಿಗೆ ಒಂದೇ ಅಲ್ಲ. ಆದ್ದರಿಂದ ಚಿಕ್ಕ ಸೈಟುಗಳಿಗೆ ನನ್ನ ಸಲಹೆ ಇಷ್ಟು: ಕೆಡುಕಿನ ಅಂಕ 5 ಇರುವ ಯಾವುದನ್ನೂ ಗುಣಿಸಲು ಹೋಗಬೇಡಿ. ಜೀವ ಹೋಗಬಹುದು ಎಂದಾದರೆ, ಸಾಧ್ಯತೆ ಎಷ್ಟೇ ಕಡಿಮೆ ಇರಲಿ, ಅಡ್ಡ ಹಾಕಿದ ಮೇಲೆಯೇ ಕೆಲಸ. ಗುಣಾಕಾರ ಮಿಕ್ಕವಕ್ಕೆ ಇರಲಿ.

ಅಡ್ಡ ಹಾಕುವುದರಲ್ಲೂ ಒಂದು ಕ್ರಮವಿದೆ. ಜಗತ್ತಿನಾದ್ಯಂತ ಸುರಕ್ಷತೆಯ ಕೆಲಸದವರು ಇದನ್ನೇ ಪಾಲಿಸುತ್ತಾರೆ. ಐಎಸ್‌ಒ 45001 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲೂ ಇರುವುದು ಇದೇ. ಅಪಾಯವನ್ನೇ ಇಲ್ಲವಾಗಿಸಲು ಆಗುತ್ತದೆಯೇ ಎಂದು ಮೊದಲು ನೋಡಬೇಕು. ಆಗದಿದ್ದರೆ ಕಡಿಮೆ ಅಪಾಯದ ಬೇರೆ ವಿಧಾನ ಹುಡುಕಬೇಕು. ಅದೂ ಆಗದಿದ್ದರೆ ಮನುಷ್ಯನಿಗೂ ಅಪಾಯಕ್ಕೂ ನಡುವೆ ಗಟ್ಟಿಯಾದ ತಡೆ. ಅದರ ನಂತರ ನಿಯಮ, ತರಬೇತಿ, ಎಚ್ಚರಿಕೆಯ ಫಲಕ. ಎಲ್ಲಕ್ಕಿಂತ ಕೊನೆಗೆ ಹೆಲ್ಮೆಟ್, ಬೂಟು, ಬೆಲ್ಟು. ನಮ್ಮಲ್ಲಿ ಇದು ತಲೆಕೆಳಗಾಗಿದೆ. ಹತ್ತು ಹಳದಿ ಹೆಲ್ಮೆಟ್ ತಂದುಕೊಟ್ಟರೆ ಸೇಫ್ಟಿ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಹೆಲ್ಮೆಟ್ ಬೇಕು, ಬೇಡವೆನ್ನುತ್ತಿಲ್ಲ. ಆದರೆ ಹಿಂದಿನ ನಾಲ್ಕೂ ಕೈಕೊಟ್ಟ ಮೇಲೆ ಉಳಿಯುವ ಆಸರೆ ಅದು. ಅದು ಎಷ್ಟು ಅಲ್ಪ ಎಂಬುದು ಪಾಯದ ಗುಂಡಿಯಲ್ಲಿ ಚೆನ್ನಾಗಿ ಕಾಣುತ್ತದೆ.

ಒಂದು ಘನ ಮೀಟರ್ ಮಣ್ಣು, ಅಂದರೆ ಉದ್ದ ಅಗಲ ಎತ್ತರ ಮೂರೂ ಮೂರು ಅಡಿಗಿಂತ ತುಸು ಹೆಚ್ಚಿರುವ ಹೆಂಟೆ, ಒಂದೂವರೆಯಿಂದ ಎರಡು ಟನ್ ತೂಗುತ್ತದೆ. ಎರಡು ಸಣ್ಣ ಕಾರುಗಳ ಭಾರ. ಗುಂಡಿಯ ಗೋಡೆ ಜಾರಿದರೆ ಅಷ್ಟು ಒಂದೇ ಏಟಿಗೆ ಬರುತ್ತದೆ. ತಲೆ ಮೇಲಿದ್ದರೂ ಎದೆಮಟ್ಟ ಹೂತವನು ಸಾಯಬಹುದು: ಉಸಿರು ಬಿಟ್ಟಾಗ ಎದೆ ಕುಗ್ಗುತ್ತದೆ, ಆ ಜಾಗಕ್ಕೆ ಮಣ್ಣು ಬಂದು ಕೂರುತ್ತದೆ, ಮುಂದಿನ ಉಸಿರಿಗೆ ಎದೆ ಅರಳಲು ಜಾಗವೇ ಇರುವುದಿಲ್ಲ. ಇಲ್ಲಿ ಹೆಲ್ಮೆಟ್ ಏನು ಮಾಡೀತು?

ನಮ್ಮ ಮಣ್ಣಿನ ಸ್ವಭಾವವೂ ಮೋಸಗೊಳಿಸುವಂಥದ್ದು. ಬೆಂಗಳೂರು, ತುಮಕೂರು, ಕೋಲಾರದ ಕಡೆಯ ಕೆಂಪು ಮಣ್ಣು ತುಸು ತೇವವಿದ್ದಾಗ ನೆಟ್ಟಗೆ ಕಡಿದರೂ ಗೋಡೆಯಂತೆ ನಿಲ್ಲುತ್ತದೆ. ‘ನೋಡಿ ಸಾರ್, ಕಲ್ಲಿನ ಹಾಗೆ ನಿಂತಿದೆ’ ಎನ್ನುವ ಮೇಸ್ತ್ರಿ ಸುಳ್ಳು ಹೇಳುತ್ತಿಲ್ಲ; ಆ ಹೊತ್ತಿಗೆ ಅದು ನಿಂತೇ ಇದೆ. ಕಣಗಳನ್ನು ಹಿಡಿದಿಟ್ಟಿರುವುದು ಆ ತೇವ. ಬಿಸಿಲಿಗೆ ಒಣಗಿದರೆ ಹಿಡಿತ ಹೋಗುತ್ತದೆ, ಮಳೆಗೆ ನೆನೆದು ತೊಯ್ದರೂ ಹೋಗುತ್ತದೆ. ಧಾರವಾಡ, ಗದಗ, ವಿಜಯಪುರದ ಎರೆ ಮಣ್ಣಿನ ಕಥೆ ಬೇರೆ: ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆ ಬಿದ್ದೊಡನೆ ಉಬ್ಬುತ್ತದೆ, ಬಿರುಕಿಗೆ ನೀರು ಇಳಿದರೆ ಚಪ್ಪಡಿ ಚಪ್ಪಡಿಯಾಗಿ ಕಳಚುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ತುಂಬಿಸಿದ ಜಾಗ. ಕೆರೆಯಂಗಳಕ್ಕೆ ಮಣ್ಣು, ಕಟ್ಟಡದ ಅವಶೇಷ ಸುರಿದು ಮಾಡಿದ ಬಡಾವಣೆಗಳಲ್ಲಿ ಐದಡಿ ತೋಡಿದರೂ ಗೋಡೆಗೆ ನಂಬಿಕೆಯಿಲ್ಲ.

ಆದ್ದರಿಂದ ಗುಂಡಿಯ ಅಂಚಿನಲ್ಲಿ ನಿಂತು ಕೆಳಗೆ ನೋಡುವ ಮುಂಚೆ ನಿಮ್ಮ ಕಾಲ ಬುಡದ ನೆಲ ನೋಡಿ. ಅಂಚಿನಿಂದ ಒಂದೆರಡು ಅಡಿ ಹಿಂದೆ, ಗುಂಡಿಗೆ ಸಮಾನಾಂತರವಾಗಿ, ಕೂದಲೆಳೆಯಂಥ ಬಿರುಕು ಓಡಿದೆಯೇ? ಇದ್ದರೆ ಆ ತುಂಡು ಈಗಾಗಲೇ ಮೂಲದಿಂದ ಬಿಟ್ಟುಕೊಂಡಿದೆ, ಜಾರುವುದಷ್ಟೇ ಬಾಕಿ. ಗುಂಡಿಯ ಗೋಡೆಯ ಕೆಳಭಾಗ ಹೊಟ್ಟೆಯಂತೆ ಉಬ್ಬಿದೆಯೇ, ನೀರು ಜಿನುಗುತ್ತಿದೆಯೇ, ಸಣ್ಣ ಹರಳು ಉದುರುತ್ತಿವೆಯೇ ಎಂದೂ ನೋಡಬೇಕು. ಇವುಗಳಲ್ಲಿ ಒಂದು ಕಂಡರೂ ಒಳಗಿರುವವರನ್ನು ಮೇಲೆ ಕರೆಯಿರಿ, ಮಾತು ಆಮೇಲೆ.

ಈಗ ಅಪಾಯ ತಡೆಯುವ ಕ್ರಮವನ್ನು ಈ ಗುಂಡಿಗೆ ಹಚ್ಚಿ ನೋಡೋಣ. ಮನುಷ್ಯ ಇಳಿಯಲೇಬೇಕೆ? ತಳ ಸಮ ಮಾಡುವುದನ್ನು ಆದಷ್ಟೂ ಯಂತ್ರದಿಂದಲೇ ಮಾಡಿಸಬಹುದು. ಫುಟಿಂಗ್ ಜಾಲರಿಯನ್ನು ಮೇಲೆಯೇ ಕಟ್ಟಿ ಕೆಳಗೆ ಇಳಿಸಿದರೆ, ಕಂಬಿ ಕಟ್ಟುವವರು ಗುಂಡಿಯೊಳಗೆ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂರುವುದು ತಪ್ಪುತ್ತದೆ. ಇಳಿಯಲೇಬೇಕಾದರೆ, ನೆಟ್ಟಗೆ ಕಡಿಯುವ ಬದಲು ಇಳಿಜಾರಾಗಿ ಅಥವಾ ಮೆಟ್ಟಿಲಾಗಿ ಕಡಿಯಿರಿ. ಅದಕ್ಕೆ ಜಾಗವಿಲ್ಲದಿದ್ದರೆ ಹಲಗೆ ಹೊಂದಿಸಿ ಅಡ್ಡ ಒತ್ತುಗಂಬ ಕೊಡಿ. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಷರತ್ತಿನ ಸುರಕ್ಷತಾ ನಿಯಮಗಳಲ್ಲಿ ಇದರ ಅಳತೆಗಳಿವೆ, ಖಾಸಗಿ ಮನೆಗೂ ಅವು ಚೆನ್ನಾಗಿ ಹೊಂದುತ್ತವೆ. ಆಳ 1.5 ಮೀಟರ್, ಅಂದರೆ ಐದಡಿ ಮುಟ್ಟಿದರೆ ಇಳಿಜಾರು ಅಥವಾ ಆಸರೆ ಇರಲೇಬೇಕು. ಏಣಿ ಇಟ್ಟಿರಬೇಕು, ಅದು ನೆಲಮಟ್ಟಕ್ಕಿಂತ ಕನಿಷ್ಠ 90 ಸೆಂಟಿಮೀಟರ್ ಮೇಲೆ ಬಂದಿರಬೇಕು. ತೋಡಿದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಗುಂಡಿಯ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. ಕೆಳಗಿನಿಂದ ಕೊರೆದು ಮೇಲಿನದನ್ನು ಬೀಳಿಸುವುದು ಸಲ್ಲದು.

ಮೂವತ್ತು–ನಲವತ್ತರ ಸೈಟಿನಲ್ಲಿ ಮಣ್ಣು ದೂರ ಹಾಕಲು ಜಾಗವೇ ಇರುವುದಿಲ್ಲ ಎಂಬುದು ನಿಜ. ಹಾಗಾದರೆ ಟ್ರ್ಯಾಕ್ಟರ್ ಕರೆಸಿ ಅಂದಂದೇ ಸಾಗಿಸಬೇಕು. ಮತ್ತೆ ತುಂಬಲು ಬೇಕಾದಷ್ಟನ್ನು ಆಮೇಲೆ ತರಿಸಬೇಕು. ಆ ಬಾಡಿಗೆ ಉಳಿಸಲು ಅಂಚಿನ ಮೇಲೆ ಗುಡ್ಡೆ ಹಾಕಿದರೆ, ಕುಸಿಯಲು ಕಾದಿರುವ ಗೋಡೆಯ ನೆತ್ತಿಗೆ ಇನ್ನಷ್ಟು ಟನ್ ಹೇರಿದಂತೆ. ಪಕ್ಕದ ಮನೆಯ ಪಾಯಕ್ಕಿಂತ ಆಳಕ್ಕೆ ಹೋಗುವುದಿದ್ದರೆ ಅದು ಮೇಸ್ತ್ರಿ ತೀರ್ಮಾನಿಸುವ ವಿಷಯವಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು. ಇನ್ನೊಂದು ಮಾತು: ಒಬ್ಬ ಹೂತುಹೋದರೆ ಜೆಸಿಬಿಯ ಬಕೆಟ್ ಹಾಕಿ ಎತ್ತಲು ಹೋಗಬೇಡಿ. ಬಕೆಟ್ಟೇ ಅವನನ್ನು ಕೊಲ್ಲಬಹುದು, ಯಂತ್ರದ ಭಾರಕ್ಕೆ ಎರಡನೇ ಸಲ ಕುಸಿಯಲೂಬಹುದು. 112ಕ್ಕೆ ಫೋನ್ ಮಾಡಿ, ಅಂಚಿನಿಂದ ಜನರನ್ನು ಹಿಂದೆ ಸರಿಸಿ, ಬಿದ್ದವನ ಹತ್ತಿರದ ಮಣ್ಣನ್ನು ಕೈಯಿಂದಲೇ ಬಿಡಿಸಬೇಕು.

ಪಾಯ ಮುಗಿಯಿತು, ಗೋಡೆ ಎದ್ದಿತು, ಇನ್ನು ಸ್ಲ್ಯಾಬು. ಒಂದು ಲೆಕ್ಕ ಮಾಡಿ. ಹತ್ತಡಿಗೆ ಹತ್ತಡಿ ಕೋಣೆ, ಐದಿಂಚು ದಪ್ಪದ ಸ್ಲ್ಯಾಬ್. ಕಾಂಕ್ರೀಟಿನ ತೂಕವೇ ಸುಮಾರು ಮೂರು ಟನ್. ಮೇಲೆ ಬಾಂಡ್ಲಿ ಹಿಡಿದ ಜನ, ವೈಬ್ರೇಟರ್, ಒಂದೆಡೆ ಸುರಿದ ಗುಡ್ಡೆ ಬೇರೆ. ಅದು ಗಟ್ಟಿಯಾಗುವವರೆಗೆ ಇದೆಲ್ಲವನ್ನೂ ಹೊರುವುದು ಸೆಂಟ್ರಿಂಗ್ ಕೆಳಗಿನ ಜಾಕಿ ಅಥವಾ ನೀಲಗಿರಿ ಕಂಬಗಳು. ಹಾಗಾಗಿ ಕಾಂಕ್ರೀಟ್ ಲಾರಿ ಬರುವ ಹಿಂದಿನ ಸಂಜೆ ಬಗ್ಗಿ ಒಳಗೆ ಹೋಗಿ ಪ್ರತಿ ಕಂಬದ ಬುಡ ನೋಡಿ. ಹೊಸದಾಗಿ ತುಂಬಿದ ಮಣ್ಣಿನ ಮೇಲೆ ಒಡೆದ ಇಟ್ಟಿಗೆಯ ಚೂರಿಟ್ಟು ಕಂಬ ನಿಲ್ಲಿಸಿದ್ದಾರೆಯೇ? ರಾತ್ರಿ ಕ್ಯೂರಿಂಗ್ ನೀರು ಹರಿದರೆ ಆ ಮಣ್ಣು ಕೂರುತ್ತದೆ, ಕಂಬ ಕೆಳಗಿಳಿಯುತ್ತದೆ, ಅದರ ಪಾಲಿನ ಭಾರ ಪಕ್ಕದ ಕಂಬಕ್ಕೆ ಹೋಗುತ್ತದೆ. ಬುಡಕ್ಕೆ ಉದ್ದನೆಯ ಹಲಗೆ ಹಾಸಿ ಅದರ ಮೇಲೆ ನಿಲ್ಲಿಸಬೇಕು. ಕಂಬ ಓರೆಯಾಗಿದೆಯೇ, ಎತ್ತರ ಸಾಲದೆ ಎರಡು ತುಂಡು ಸೇರಿಸಿ ಮೊಳೆ ಹೊಡೆದಿದ್ದಾರೆಯೇ, ಎರಡೂ ದಿಕ್ಕಿಗೆ ಅಡ್ಡ ಪಟ್ಟಿ ಕಟ್ಟಿದ್ದಾರೆಯೇ ಎಂದು ನೋಡಿ. ಎರಡು ಮಹಡಿ ಎತ್ತರದ ಹಾಲ್ ಮತ್ತು ಪೋರ್ಟಿಕೋ ವಿಶೇಷ ಎಚ್ಚರದ ಜಾಗಗಳು: ಕಂಬ ಉದ್ದವಾದಷ್ಟೂ ಬಾಗುವ ಸಂಭವ ಬಹಳ ಬೇಗ ಏರುತ್ತದೆ. ಕಾಂಕ್ರೀಟ್ ಬೀಳುತ್ತಿರುವಾಗ ಅಡಿಯಲ್ಲಿ ಯಾರೂ ಇರಕೂಡದು. ಕಂಬ ಗಮನಿಸುವವನು ಹೊರಗೆ, ಪಕ್ಕದಲ್ಲಿ ನಿಂತು ನೋಡಲಿ.

ಬಿಚ್ಚುವ ದಿನದ ಬಗ್ಗೆಯೂ ಜಗಳ ಸಾಮಾನ್ಯ. ಸೆಂಟ್ರಿಂಗ್ ಸಾಮಾನು ಬಾಡಿಗೆಯದು, ಇನ್ನೊಂದು ಸೈಟಿಗೆ ಬೇಕಿರುತ್ತದೆ. ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನದಂಡ ಐಎಸ್ 456 ಹೇಳುವುದು ಹೀಗಿದೆ: ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿ, ಹವೆ 15 ಡಿಗ್ರಿಗಿಂತ ತಣ್ಣಗಿಲ್ಲದಿದ್ದರೆ, 4.5 ಮೀಟರ್‌ವರೆಗಿನ ಸ್ಲ್ಯಾಬಿನ ಆಸರೆಯನ್ನು 7 ದಿನಕ್ಕೆ, ಅದಕ್ಕಿಂತ ಅಗಲವಾದದ್ದನ್ನು 14 ದಿನಕ್ಕೆ ತೆಗೆಯಬಹುದು. ಬೀಮ್‌ಗಳಿಗೆ 6 ಮೀಟರ್‌ವರೆಗೆ 14 ದಿನ, ಮೀರಿದರೆ 21 ದಿನ. ಮನೆ ಕೆಲಸಕ್ಕೆ ಈಗ ಬರುವ ಮೂಟೆಗಳಲ್ಲಿ ಬಹುಪಾಲು ಪಿಪಿಸಿ, ಅಂದರೆ ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟ್. ಅದು ಬಲ ಕಟ್ಟಿಕೊಳ್ಳುವುದು ನಿಧಾನ, ಆದ್ದರಿಂದ ಇವುಗಳಿಗಿಂತ ಹೆಚ್ಚು ದಿನ ಬೇಕು. ಮೇಲಿನ ಮಹಡಿಯ ಸ್ಲ್ಯಾಬ್ ಹಾಕುವಾಗ ಅದರ ಭಾರ ಕೆಳಗಿನ ಎಳೆಯ ಸ್ಲ್ಯಾಬಿನ ಮೇಲೆ ಬರುತ್ತದೆ ಎಂಬುದನ್ನೂ ಮರೆಯಬಾರದು. ಕೆಳಗಿನ ಆಸರೆಯನ್ನು ಉಳಿಸಿಕೊಳ್ಳುವುದು ಎಷ್ಟೋ ಸಲ ಅಗತ್ಯ.

ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಸಂಪಿನ ಸಾವು. ಅದು ಯಾರಿಗೂ ಅಪಾಯದ ಜಾಗವೆಂದು ಅನಿಸುವುದೇ ಇಲ್ಲ. ಹೊಸ ಸಂಪು, ಒಳಗೆ ಕೊಳಚೆಯಿಲ್ಲ, ವಾಸನೆಯಿಲ್ಲ, ಮೊಳಕಾಲುದ್ದ ನೀರು, ಮೇಲೆ ಎರಡಡಿ ಚೌಕದ ಬಾಯಿ. ಮೇಲ್ಛಾವಣಿಗೆ ಕೊಟ್ಟ ಮರದ ಸೆಂಟ್ರಿಂಗ್ ಎರಡು ಮೂರು ವಾರ ಒಳಗೇ ನೆನೆದಿರುತ್ತದೆ. ಒದ್ದೆ ಮರದ ಮೇಲೆ ಬೂಷ್ಟು, ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅವು ಒಳಗಿನ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ 20.9 ಇರುತ್ತದೆ. ಶೇ 19.5ಕ್ಕಿಂತ ಕೆಳಗಿಳಿದರೆ ಆ ಜಾಗಕ್ಕೆ ಹಾಗೇ ಇಳಿಯುವಂತಿಲ್ಲ. ಶೇ 10ರ ಕೆಳಗೆ ಎಚ್ಚರ ತಪ್ಪುತ್ತದೆ, ಶೇ 6ರ ಹತ್ತಿರ ಕೆಲವೇ ನಿಮಿಷ. ಈ ಕೆಟ್ಟ ಗಾಳಿಗೆ ಬಣ್ಣವಿಲ್ಲ, ನಾತವಿಲ್ಲ, ಕೆಮ್ಮೂ ಬರುವುದಿಲ್ಲ. ಸೆಂಟ್ರಿಂಗ್ ಬಿಚ್ಚಲು ಇಳಿದವನು ಕಾಲು ಸಡಿಲವಾದಂತಾಗಿ ಕೂರುತ್ತಾನೆ, ನೀರಿಗೆ ಮುಖ ಅಡಿಯಾಗಿ ಬೀಳುತ್ತಾನೆ.

ಮೇಲಿನಿಂದ ನೋಡಿದವನು ‘ತಲೆ ಸುತ್ತಿರಬೇಕು’ ಎಂದು ಕೂಡಲೇ ಇಳಿಯುತ್ತಾನೆ. ಅವನ ಹಿಂದೆ ಇನ್ನೊಬ್ಬ. ಹೀಗೆ ಅಣ್ಣತಮ್ಮ, ಅಪ್ಪ–ಮಗ ಒಟ್ಟಿಗೆ ಹೋಗುವುದು ಇದರಿಂದಲೇ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಷ್ 1986ರಲ್ಲೇ ಎಚ್ಚರಿಸಿತ್ತು: ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರು. ಒಳ್ಳೆಯ ಮನಸ್ಸಿನವರೇ ಸಾಯುವ ಅಪಾಯ ಇದು. ಆದ್ದರಿಂದ ನಿಯಮವನ್ನು ಸೈಟಿನಲ್ಲಿರುವ ಪ್ರತಿಯೊಬ್ಬರಿಗೂ, ಅವರ ಮನೆಯವರಿಗೂ ಹೇಳಿ: ಒಳಗೆ ಬಿದ್ದವನ ಹಿಂದೆ ಯಾರೂ ಇಳಿಯಬಾರದು. ಇಳಿಯುವವನ ಮೈಗೆ ಮೊದಲೇ ಬೆಲ್ಟು, ಹಗ್ಗ ಇರಬೇಕು. ಹಗ್ಗದ ಇನ್ನೊಂದು ತುದಿ ಮೇಲಿರುವ ಇಬ್ಬರ ಕೈಯಲ್ಲಿರಬೇಕು. ಅವರು ಆ ಬಾಯಿ ಬಿಟ್ಟು ಚಹಾಕ್ಕೂ ಹೋಗಕೂಡದು.

ಹಳಬರು ದೀಪ ಇಳಿಸಿ ನೋಡುತ್ತಿದ್ದರು. ದೀಪ ನಂದಿದರೆ ಆಮ್ಲಜನಕ ಕಡಿಮೆ ಎಂಬುದು ಸರಿಯೇ. ಆದರೆ ಉರಿಯಿತು ಎಂದ ಮಾತ್ರಕ್ಕೆ ಕ್ಷೇಮವಲ್ಲ, ವಿಷಗಾಳಿಯನ್ನು ಅದು ತೋರಿಸುವುದಿಲ್ಲ. ಹಳೆಯ ಸೆಪ್ಟಿಕ್ ಟ್ಯಾಂಕಿನಲ್ಲಂತೂ ಬೆಂಕಿ ಇಳಿಸಿದರೆ ಸ್ಫೋಟವೇ ಆದೀತು. ಸರಿಯಾದ ಸಾಧನ ಗ್ಯಾಸ್ ಮೀಟರು. ಅದರ ಜೊತೆಗೆ ಬ್ಲೋವರ್ ಇಟ್ಟು ತಳದವರೆಗೆ ಪೈಪು ಬಿಟ್ಟು ಹೊಸ ಗಾಳಿ ನುಗ್ಗಿಸಬೇಕು, ಕೆಲಸ ಮುಗಿಯುವವರೆಗೂ ಅದು ಓಡುತ್ತಿರಬೇಕು. ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಒಳಗಿಳಿಸಿ ನೀರು ಎತ್ತುವುದು ಇನ್ನೂ ಕೆಟ್ಟದ್ದು, ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಆದರೆ ಇಲ್ಲೂ ಒಳ್ಳೆಯ ಉಪಾಯ ನಕ್ಷೆಯ ಹಂತದಲ್ಲೇ ಇದೆ. ಸಂಪಿನ ಮೇಲೆ ಮೊದಲೇ ಎರಕ ಹೊಯ್ದ ಚಪ್ಪಡಿಗಳನ್ನು ಕೂರಿಸಿದರೆ ಒಳಗೆ ಸೆಂಟ್ರಿಂಗೇ ಇರುವುದಿಲ್ಲ, ಬಿಚ್ಚಲು ಯಾರೂ ಇಳಿಯಬೇಕಾಗಿಲ್ಲ. ಸ್ಥಳದಲ್ಲೇ ಹಾಕುವುದಾದರೂ ಎದುರುಬದುರು ಎರಡು ಬಾಯಿ ಬಿಡಿ. ಎರಡನೇ ಬಾಯಿಗೆ ಆಗುವ ಖರ್ಚು ಒಂದು ಮುಚ್ಚಳದ್ದು. ಆ ಮುಚ್ಚಳವನ್ನು ಮೊದಲ ದಿನವೇ ತಂದಿಡಿ, ಏಕೆಂದರೆ ಶೆಡ್ಡಿನಲ್ಲಿ ವಾಸವಿರುವ ಕಾರ್ಮಿಕರ ಮಕ್ಕಳು ಆಡುವುದು ಅದೇ ಅಂಗಳದಲ್ಲಿ. ತೆರೆದ ಸಂಪಿಗೆ ಅವರು ಬೀಳುವುದು ಹೊಸ ಸುದ್ದಿಯಲ್ಲ.

ಎತ್ತರದ ಕೆಲಸಕ್ಕೆ ಬಂದರೆ ಎಲ್ಲರ ಬಾಯಲ್ಲೂ ಬೆಲ್ಟು. ಬೆಲ್ಟಿನ ಲೆಕ್ಕ ಕೇಳಿ. ಕೊಕ್ಕೆಯ ಹಗ್ಗ ಸುಮಾರು 1.8 ಮೀಟರ್. ಬಿದ್ದ ಏಟನ್ನು ನುಂಗಲು ಅದರಲ್ಲಿರುವ ಹೊಲಿಗೆಯ ಪಟ್ಟಿ ಬಿಚ್ಚಿಕೊಂಡು 1.75 ಮೀಟರ್‌ವರೆಗೆ ಉದ್ದವಾಗಬಹುದು. ಬೆನ್ನಿನ ಉಂಗುರದಿಂದ ಪಾದದವರೆಗೆ 1.5 ಮೀಟರ್. ಕೆಳಗೆ ಒಂದು ಮೀಟರ್ ಉಳಿದಿರಬೇಕು. ಕೂಡಿದರೆ, ಕೊಕ್ಕೆ ಸಿಕ್ಕಿಸಿದ ಜಾಗದಿಂದ ಕೆಳಗೆ ಸುಮಾರು 6 ಮೀಟರ್, ಇಪ್ಪತ್ತಡಿ, ಖಾಲಿ ಬೇಕು. ಹತ್ತಡಿ ಎತ್ತರದ ಮೊದಲ ಸ್ಲ್ಯಾಬಿನಲ್ಲಿ ಕಾಲ ಬುಡದ ಕಂಬಿಗೆ ಕೊಕ್ಕೆ ಹಾಕಿದವನು, ಬೆಲ್ಟು ಬಿಗಿಯುವ ಮೊದಲೇ ನೆಲ ಮುಟ್ಟಿರುತ್ತಾನೆ. ಹತ್ತಡಿ ಬೀಳಲು ಮುಕ್ಕಾಲು ಸೆಕೆಂಡು ಸಾಕು, ನೆಲಕ್ಕೆ ಬಡಿಯುವ ವೇಗ ಗಂಟೆಗೆ 27 ಕಿಲೋಮೀಟರ್ ಮೀರುತ್ತದೆ. ಚಿಕ್ಕ ಮನೆಗಳಲ್ಲಿ ಬೆಲ್ಟಿಗಿಂತ ಕೈಪಿಡಿ ಮುಖ್ಯ: ಸ್ಲ್ಯಾಬಿನ ಅಂಚು, ಮೆಟ್ಟಿಲ ಬದಿ, ಲಿಫ್ಟ್ ಗುಂಡಿ, ಡಕ್ಟಿನ ಬಾಯಿ, ಎಲ್ಲಕ್ಕೂ ಕನಿಷ್ಠ 90 ಸೆಂಟಿಮೀಟರ್ ಎತ್ತರದಲ್ಲಿ ಗಟ್ಟಿ ಅಡ್ಡಗಂಬ. ಕೆಂಪು–ಬಿಳಿ ಟೇಪು ತಡೆಯಲ್ಲ, ಅದು ಬರೀ ಸೂಚನೆ. ಸಾರುವೆಗೆ ಒಂದೇ ಹಲಗೆ ಹಾಸಿ ಅದರ ಮೇಲೆ ನಿಂತು ಗಾರೆ ಮೆತ್ತುವುದು ಬೇಡ. ಅಗಲಕ್ಕೆ ತುಂಬ ಹಲಗೆ ಹಾಸಿ, ತುದಿಗಳನ್ನು ಕಟ್ಟಿ. ಏಣಿ ನಾಲ್ಕಡಿ ಎತ್ತರಕ್ಕೆ ಬುಡ ಒಂದಡಿ ದೂರ ಎಂಬ ಲೆಕ್ಕದಲ್ಲಿ ನಿಲ್ಲಲಿ.

ಕರೆಂಟಿನಲ್ಲಿ ಜನರಿಗೆ ಒಂದು ತಪ್ಪು ತಿಳಿವಳಿಕೆಯಿದೆ. ಎಂಸಿಬಿ ಇದೆಯಲ್ಲ ಎನ್ನುತ್ತಾರೆ. ಎಂಸಿಬಿ ಕಾಪಾಡುವುದು ವೈರನ್ನು. 16 ಆಂಪಿಯರ್ ಎಂಸಿಬಿ ಬೀಳುವಷ್ಟು ಕರೆಂಟ್ ಹರಿಯುವ ಮೊದಲೇ, ಅದರ ನೂರರ ಒಂದು ಪಾಲಿಗಿಂತಲೂ ಕಡಿಮೆ ಕರೆಂಟಿಗೆ ಮನುಷ್ಯನ ಹೃದಯ ನಿಲ್ಲಬಹುದು. ಮನುಷ್ಯನನ್ನು ಕಾಯುವುದು 30 ಮಿಲಿಆಂಪಿಯರ್ ಸೋರಿದರೂ ಕರೆಂಟ್ ಕಡಿಯುವ ಆರ್‌ಸಿಸಿಬಿ. ಸೈಟಿಗೆ ತಾತ್ಕಾಲಿಕ ಮೀಟರ್ ಬಂದ ದಿನವೇ ಅದನ್ನು ಹಾಕಿಸಿ, ಅದರ ಟೆಸ್ಟ್ ಬಟನ್ ಒತ್ತಿ ನೋಡುತ್ತಿರಿ. ಮಿಕ್ಸರ್, ವೈಬ್ರೇಟರ್, ಗ್ರೈಂಡರ್ ಎಲ್ಲವೂ ನೀರಿನ ನಡುವೆ ಓಡುವಂಥವು. ಟೇಪು ಸುತ್ತಿದ ಜಾಯಿಂಟ್ ಕೆಸರಲ್ಲಿ ಬಿದ್ದಿದ್ದರೆ ಕೆಲಸ ನಿಲ್ಲಿಸಿ. ಮನೆ ಮುಂದೆ 11 ಕೆವಿ ಲೈನ್ ಹಾದುಹೋಗಿದ್ದರೆ ಕಟ್ಟಡದಿಂದ ಅಡ್ಡಲಾಗಿ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಇರಬೇಕೆಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ. ಆದರೆ ಅದು ಕಟ್ಟಡಕ್ಕೆ. ಕಂಬಿ ಬರುವುದು 12 ಮೀಟರ್, ನಲವತ್ತಡಿ ಉದ್ದದಲ್ಲಿ. ಎರಡನೇ ಮಹಡಿಗೆ ಕೈಯಿಂದ ಎಳೆದುಕೊಳ್ಳುವಾಗ ಅದರ ತುದಿ ಎತ್ತ ಬೀಸುತ್ತದೆಂದು ಎತ್ತುವವನಿಗೂ ಗೊತ್ತಿರುವುದಿಲ್ಲ. ಲೈನಿನ ಕಡೆಯಿಂದ ಏನನ್ನೂ ಎತ್ತದೆ ಹಿಂಬದಿಯಿಂದ ಎತ್ತುವುದು, ನೆಲದ ಮೇಲೇ ಕತ್ತರಿಸಿ ಗಿಡ್ಡ ಮಾಡಿ ಒಯ್ಯುವುದು, ಅಗತ್ಯ ಬಿದ್ದರೆ ಬೆಸ್ಕಾಂ, ಹೆಸ್ಕಾಂನಂಥ ಕಂಪನಿಗೆ ಅರ್ಜಿ ಕೊಟ್ಟು ಲೈನ್ ಬಂದ್ ಮಾಡಿಸುವುದು ಇದಕ್ಕಿರುವ ದಾರಿ. ಯಾರಿಗಾದರೂ ಹೊಡೆದರೆ ಮೊದಲು ಮೇನ್ ಆಫ್, ಆಮೇಲೆ ಮುಟ್ಟುವುದು. 11 ಕೆವಿ ಲೈನಾದರೆ ವಿದ್ಯುತ್ ಕಂಪನಿಯವರು ಬಂದ್ ಮಾಡಿದೆವೆಂದು ಹೇಳುವವರೆಗೆ ಹತ್ತಿರವೂ ಹೋಗಬಾರದು.

ಧೂಳು ಕೂಡಲೇ ಕೊಲ್ಲುವುದಿಲ್ಲ, ಆದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗ್ರಾನೈಟನ್ನು ನೀರಿಲ್ಲದೆ ಒಣದಾಗಿ ಕೊಯ್ದರೆ ಏಳುವ ಬಿಳಿ ಪುಡಿಯಲ್ಲಿ ಸಿಲಿಕಾ ಇರುತ್ತದೆ, ವರ್ಷಗಟ್ಟಲೆ ಅದನ್ನು ಕುಡಿದ ಶ್ವಾಸಕೋಶ ಮತ್ತೆ ಸರಿಹೋಗುವುದಿಲ್ಲ. ನೀರು ಬಿಟ್ಟುಕೊಂಡು ಕೊಯ್ಯಿಸಿ.

ಇಷ್ಟೆಲ್ಲ ಒಮ್ಮೆ ಬರೆದಿಟ್ಟರೆ ಮುಗಿಯಿತೆಂದಲ್ಲ. ಸೈಟು ದಿನಾ ಬೇರೆಯಾಗುತ್ತದೆ. ನಿನ್ನೆ ಗೋಡೆಯಿದ್ದ ಕಡೆ ಇಂದು ತೂತಿರುತ್ತದೆ, ರಾತ್ರಿ ಮಳೆ ಬಿದ್ದಿರುತ್ತದೆ, ಬೆಳಗ್ಗೆ ಹೊಸಬರಿಬ್ಬರು ಬಂದಿರುತ್ತಾರೆ. ದೊಡ್ಡ ಸೈಟುಗಳ ‘ಟೂಲ್‌ಬಾಕ್ಸ್ ಟಾಕ್’ ಇದಕ್ಕಾಗಿಯೇ: ಕೆಲಸಕ್ಕೆ ಮುಂಚೆ ಹತ್ತು ನಿಮಿಷ ಎಲ್ಲರೂ ನಿಂತು, ಇವತ್ತಿನ ಕೆಲಸದಲ್ಲಿ ಏನು ಕೆಡಬಹುದು ಎಂದು ಮಾತಾಡುವುದು. ಚಿಕ್ಕ ಸೈಟಿಗೂ ಇದನ್ನು ತನ್ನಿ. ಭಾಷಣ ಮಾಡಬೇಡಿ, ಕೇಳಿ. ಕಂಬ ಅಲುಗಾಡುತ್ತಿದೆ ಎಂಬುದು ಮೊದಲು ಗೊತ್ತಾಗುವುದು ಅದರ ಪಕ್ಕ ಕೂತವನಿಗೆ. ರಾಯಚೂರು, ಯಾದಗಿರಿಯಿಂದ ಬಂದವರಿಗೆ ಕನ್ನಡದಲ್ಲಿ ಹೇಳಬಹುದು. ಬಿಹಾರ, ಒಡಿಶಾ, ಬಂಗಾಳದಿಂದ ಬಂದವರಿಗೆ ಅವರಲ್ಲೇ ಒಬ್ಬರಿಂದ ಹೇಳಿಸಿ, ಅರ್ಥವಾಯಿತೇ ಎಂದು ಕೇಳುವ ಬದಲು ಮಾಡಿ ತೋರಿಸಲು ಹೇಳಿ. ಮುಖ್ಯವಾದದ್ದು, ‘ಇದು ಸರಿಯಿಲ್ಲ, ನಾನು ಇಳಿಯಲ್ಲ’ ಎಂದವನ ಅಂದಿನ ಕೂಲಿ ಹೋಗಬಾರದು. ಕೂಲಿ ಕತ್ತರಿಸಿದರೆ ಮಾರನೆಯ ದಿನದಿಂದ ಯಾರೂ ಬಾಯಿ ಬಿಡುವುದಿಲ್ಲ.

ಇನ್ನು ದುಡ್ಡಿನ ಮಾತು. ಭೂಮಿಯ ಬೆಲೆ ಬಿಟ್ಟು ಕಟ್ಟಡದ ಖರ್ಚಿನ ಶೇ 1ರಷ್ಟು ಸೆಸ್ ಕಾರ್ಮಿಕ ಕಲ್ಯಾಣ ನಿಧಿಗೆ ಹೋಗುತ್ತದೆ. 1996ರ ಕಾಯ್ದೆಯಲ್ಲಿ ಸ್ವಂತ ವಾಸದ ಮನೆಗೆ ವಿನಾಯಿತಿ ಇದ್ದದ್ದು ಖರ್ಚು 10 ಲಕ್ಷ ಮೀರದಿದ್ದರೆ ಮಾತ್ರ. ಹೀಗೆ ಸೇರಿದ ಹಣದಿಂದ ಸವಲತ್ತು ಪಡೆಯಲು ಕಾರ್ಮಿಕರು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ವಯಸ್ಸು 18ರಿಂದ 60ರೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಕಾರ್ಡು ಇದೆಯೇ ಎಂದು ಮೊದಲ ವಾರವೇ ಕೇಳಿ, ಇಲ್ಲದವರಿಗೆ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಕೊಡಿಸಿ.

ಮೇಸ್ತ್ರಿಯೊಂದಿಗೆ ಚದರಡಿ ಲೆಕ್ಕದಲ್ಲಿ ಕರಾರು ಮಾಡಿಕೊಳ್ಳುವಾಗಲೇ ಸುರಕ್ಷತೆಯ ಖರ್ಚನ್ನು ಚದರಡಿ ದರದಿಂದ ಹೊರಗಿಡಿ. ದರದೊಳಗೆ ಸೇರಿಸಿದರೆ, ಹಲಗೆ ಉಳಿಸಿದಷ್ಟೂ ಮೇಸ್ತ್ರಿಗೆ ಲಾಭ ಎಂದಾಗುತ್ತದೆ. ಆಮೇಲೆ ಅವನನ್ನು ಬೈದು ಪ್ರಯೋಜನವಿಲ್ಲ. ಗುಂಡಿಗೆ ಆಸರೆ, ಜಾಕಿಗಳ ಹೆಚ್ಚುವರಿ ದಿನಗಳ ಬಾಡಿಗೆ, ಸ್ಲ್ಯಾಬ್ ಅಂಚಿನ ಕೈಪಿಡಿ, ಆರ್‌ಸಿಸಿಬಿ, ಸಂಪಿನ ದಿನದ ಬ್ಲೋವರ್ ಮತ್ತು ಗ್ಯಾಸ್ ಮೀಟರ್ ಬಾಡಿಗೆ, ಹೆಲ್ಮೆಟ್ಟು ಬೂಟು: ಪ್ರತಿಯೊಂದಕ್ಕೂ ಬೇರೆ ಬೇರೆ ಸಾಲು, ಬೇರೆ ಮೊತ್ತ, ವಸ್ತು ಸೈಟಿಗೆ ಬಂದು ಬಳಕೆಯಾದ ಮೇಲೆ ಪಾವತಿ. ಮಳೆ ಬಂದ ಮರುದಿನ ಗುಂಡಿ ಕೆಲಸ ನಿಂತರೆ ಆ ದಿನದ ಕೂಲಿ ಯಾರು ಕೊಡಬೇಕೆಂಬುದನ್ನೂ ಅದೇ ಕಾಗದದಲ್ಲಿ ಬರೆದು, ಇಬ್ಬರೂ ಸಹಿ ಹಾಕಿಕೊಳ್ಳಿ.